ಫ್ಲ್ಯಾಶ್‌ಕಾರ್ಟ್: ಎಲ್ಲವನ್ನೂ ‘ಆರ್4’ ಅನ್ನಬೇಡಿ

ಹಳೆಯ ನಿಂಟೆಂಡೊ ಡಿಎಸ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್) ಮಾರುವ ಜಾಹೀರಾತೊಂದರಲ್ಲಿ ಮತ್ತೆ ಅದೇ ಮಾತು ಕಂಡೆ: ‘ಆರ್4 ಚಿಪ್ ಹಾಕಿದ ಡಿಎಸ್ ಲೈಟ್, ತುಂಬಾ ಹೋಂಬ್ರೂ ಆಟಗಳಿವೆ.’ ಫೋಟೋದಲ್ಲಿದ್ದದ್ದು ಚಿಪ್ ಅಲ್ಲ. ಉಗುರಿನಿಂದ ಒತ್ತಿದರೆ ಹೊರಗೆ ಬರುವ ಒಂದು ಕಾರ್ಡ್. ಅದು ಆರ್4 ಕೂಡ ಅಲ್ಲ, ಆ ಹೆಸರು ಅಂಟಿಸಿಕೊಂಡ ಬೇರೆ ಯಾವುದೋ ಕಾರ್ಡ್. ಇನ್ನು ಆ ಆಟಗಳು ಹೋಂಬ್ರೂ, ಅಂದರೆ ಹವ್ಯಾಸಿಗಳು ತಾವೇ ಬರೆದವು, ಅಲ್ಲವೇ ಅಲ್ಲ. ಅಂಗಡಿಯಲ್ಲಿ ಮಾರಿದ ಆಟಗಳ ಕಳ್ಳಪ್ರತಿಗಳು. ಇಂಥದ್ದನ್ನು ನಂಬಿ ದುಡ್ಡು ಕೊಡುವವರು ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಜಾತಿಯ ಸಾಧನಕ್ಕೆ ಸರಿಯಾದ ಹೆಸರು ಫ್ಲ್ಯಾಶ್‌ಕಾರ್ಟ್. ‘ಕಾರ್ಟ್’ ಅಂದರೆ ಕಾರ್ಟ್ರಿಜ್. 90ರ ದಶಕದಲ್ಲಿ ಟಿವಿ ಗೇಮ್ ಆಡಿದವರು ಅದನ್ನು ‘ಕ್ಯಾಸೆಟ್’ ಅನ್ನುತ್ತಿದ್ದರು. ‘ಫ್ಲ್ಯಾಶ್’ನ ಕಥೆ ಇನ್ನೂ ಚೆನ್ನಾಗಿದೆ. ತೋಶಿಬಾದಲ್ಲಿದ್ದ ಫುಜಿಯೊ ಮಸುಒಕಾ ಈ ಬಗೆಯ ಮೆಮೊರಿಯನ್ನು 1984ರಲ್ಲಿ ಜಗತ್ತಿಗೆ ತೋರಿಸಿದರು. ಇದರಲ್ಲಿ ಒಂದಿಡೀ ಭಾಗವನ್ನು ಒಂದೇ ಏಟಿಗೆ ಅಳಿಸಬಹುದಿತ್ತು. ಅದನ್ನು ನೋಡಿದ ಸಹೋದ್ಯೋಗಿ ಶೋಜಿ ಅರಿಇಝುಮಿ ಅವರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಹೆಸರು ಹಾಗೆ ಬಂತು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ‘ಫ್ಲ್ಯಾಶ್ ಮಾಡಿಸಬೇಕು’ ಅಂತಾರಲ್ಲ, ಅದೂ ಇದೇ: ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು.

ಕಂಪನಿಯ ಆಟದ ಕಾರ್ಟ್ರಿಜ್‌ನಲ್ಲಿ ಇರುತ್ತಿದ್ದದ್ದು ಮಾಸ್ಕ್ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ). ಆಟ ಕಾರ್ಖಾನೆಯಲ್ಲೇ ಚಿಪ್‌ನೊಳಗೆ ಅಚ್ಚಾಗಿಬಿಡುತ್ತದೆ, ಆಮೇಲೆ ಬದಲಿಸಲು ಆಗುವುದಿಲ್ಲ. ಅದರ ಜಾಗದಲ್ಲಿ ಫ್ಲ್ಯಾಶ್ ಮೆಮೊರಿ ಇಟ್ಟು, ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ನಿಮ್ಮದೇ ಪ್ರೋಗ್ರಾಂ ಬರೆಯುವಂತೆ ಮಾಡಿದರೆ ಅದು ಫ್ಲ್ಯಾಶ್‌ಕಾರ್ಟ್. ಡಿಎಸ್‌ಗಿಂತ ಹಿಂದಿನ ಗೇಮ್ ಬಾಯ್ ಅಡ್ವಾನ್ಸ್ ಕಾಲದಲ್ಲಿ ಈ ಮಾತು ಅಕ್ಷರಶಃ ನಿಜವಾಗಿತ್ತು. ಆಮೇಲೆ ಸೂಪರ್‌ಕಾರ್ಡ್‌ನಂಥವು ಬಂದವು. ಅವು ಪ್ರೋಗ್ರಾಂ ಇಡುವುದು ಮಾಮೂಲಿ ಎಸ್‌ಡಿ ಕಾರ್ಡಿನಲ್ಲಿ. ಆನ್ ಮಾಡಿದಾಗ ಅದನ್ನು ತಮ್ಮೊಳಗಿನ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ಗೆ ನಕಲು ಮಾಡಿ ಓಡಿಸುತ್ತವೆ. ಆದ್ದರಿಂದ ಇವತ್ತಿನ ಫ್ಲ್ಯಾಶ್‌ಕಾರ್ಟ್ ಅಂದರೆ ಮೆಮೊರಿ ಅಲ್ಲ, ನಡುವೆ ನಿಂತ ದಲ್ಲಾಳಿ. ಒಂದು ಕಡೆ ಕನ್ಸೋಲ್‌ಗೆ ‘ನಾನು ಕಂಪನಿಯ ಆಟ’ ಅಂತ ನಂಬಿಸುತ್ತದೆ. ಇನ್ನೊಂದು ಕಡೆ ಮೈಕ್ರೊಎಸ್‌ಡಿಯಿಂದ ಫೈಲ್ ಓದಿಕೊಡುತ್ತದೆ. ‘ಆರ್4 ಮೆಮೊರಿ ಕಾರ್ಡ್’ ಅನ್ನುವವರು ಈ ಎರಡನ್ನೂ ಕಲಸಿಬಿಡುತ್ತಾರೆ. ಮೆಮೊರಿ ಕಾರ್ಡನ್ನು ನೀವು ಬೇರೆಯಾಗಿಯೇ ಕೊಳ್ಳಬೇಕು.

ಈಗ ಆರ್4 ವಿಷಯಕ್ಕೆ ಬರೋಣ. ಗೊಂದಲ ಜಾಸ್ತಿ ಇರುವುದೇ ಇಲ್ಲಿ.

2004ರಲ್ಲಿ ಬಂದ ಡಿಎಸ್‌ಗೆ ಎರಡು ಸ್ಲಾಟ್ ಇದ್ದವು. ಸ್ಲಾಟ್-1 ಡಿಎಸ್ ಆಟಗಳಿಗೆ, ಸ್ಲಾಟ್-2 ಗೇಮ್ ಬಾಯ್ ಅಡ್ವಾನ್ಸ್ ಆಟಗಳಿಗೆ. ಸ್ಲಾಟ್-1ರ ಗೂಢಲಿಪಿ ಮೊದಲಿಗೆ ಯಾರಿಗೂ ಬಿಡಿಸಲು ಬರಲಿಲ್ಲ. ಹಾಗಾಗಿ ಪಾಸ್‌ಮಿ ಎಂಬ ಅಡಾಪ್ಟರ್ ಮಾಡಿದರು. ಅದಕ್ಕೆ ಅಸಲಿ ಆಟದ ಕಾರ್ಡೊಂದನ್ನು ಸಿಕ್ಕಿಸಬೇಕು. ಕನ್ಸೋಲ್ ಆ ಕಾರ್ಡನ್ನು ಪರೀಕ್ಷಿಸಿ ಒಪ್ಪಿಕೊಂಡ ಮೇಲೆ, ಪಾಸ್‌ಮಿ ಕನ್ಸೋಲನ್ನು ಸ್ಲಾಟ್-2ರಲ್ಲಿದ್ದ ಪ್ರೋಗ್ರಾಂ ಕಡೆಗೆ ತಿರುಗಿಸುತ್ತಿತ್ತು. ಗೂಢಲಿಪಿ ಬಿಡಿಸಿದ ಮೇಲೆ ನೋಪಾಸ್ ಬಂತು, ಅಸಲಿ ಆಟದ ಹಂಗು ತಪ್ಪಿತು. ಆಮೇಲೆ ಎಲ್ಲವೂ ಸ್ಲಾಟ್-1ರ ಪುಟ್ಟ ಕಾರ್ಡಿನಲ್ಲೇ ಹಿಡಿಸುವಂತಾಯಿತು. ಹಾಗೆ ಬಂದವುಗಳಲ್ಲಿ ಹೆಸರು ಮಾಡಿದ್ದು ‘ರೆವಲ್ಯೂಷನ್ ಫಾರ್ ಡಿಎಸ್’. ಮೊದಲ ಅಕ್ಷರ ಆರ್. ‘ಫಾರ್’ ಅನ್ನು ಇಂಗ್ಲಿಷಿನ ನಾಲ್ಕು ಅಂತ ಓದಿ ಆರ್4. ಅಷ್ಟೇ. ನಾಲ್ಕನೆಯ ಆವೃತ್ತಿ ಅಲ್ಲ. ಆರ್3 ಅಂತ ಒಂದು ಹಿಂದೆ ಇತ್ತೇ ಎಂದು ಕೇಳುವವರಿದ್ದಾರೆ, ಅದಕ್ಕೇ ಹೇಳಿದೆ.

ಮೂಲ ಆರ್4 ಒಂದೇ ಒಂದು ಉತ್ಪನ್ನ. ಎಂ3 ಡಿಎಸ್ ಸಿಂಪ್ಲಿ ಎಂಬುದು ಅದೇ ಯಂತ್ರಾಂಶದ ಇನ್ನೊಂದು ಹೆಸರು. 2 ಜಿಬಿವರೆಗಿನ ಮೈಕ್ರೊಎಸ್‌ಡಿ ಮಾತ್ರ ಓದುತ್ತಿತ್ತು, ಅದಕ್ಕಿಂತ ದೊಡ್ಡ ಎಸ್‌ಡಿಎಚ್‌ಸಿ ಕಾರ್ಡ್ ಹಾಕಿದರೆ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಮಾಡಿದವರು ಕೈಬಿಟ್ಟು ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಉಳಿಯಿತು. ನಕಲು ಮಾಡುವ ಯಂತ್ರವೆಲ್ಲ ನಮ್ಮಲ್ಲಿ ಜೆರಾಕ್ಸ್ ಆದ ಹಾಗೆ, ಡಿಎಸ್ ಕಾರ್ಡೆಲ್ಲ ಆರ್4 ಆಯಿತು. ಆದರೆ ಜೆರಾಕ್ಸ್ ಅಂದರೆ ಯಾರಿಗೂ ನಷ್ಟವಿಲ್ಲ, ಇಲ್ಲಿ ಇದೆ. ಆರ್4ಐ, ಆರ್4 ಎಸ್‌ಡಿಎಚ್‌ಸಿ, ಆರ್4 3ಡಿಎಸ್: ಸ್ಟಿಕರ್ ನೋಡಿದರೆ ಒಂದೇ ಮನೆಯ ಮಕ್ಕಳು ಅನ್ನಿಸುತ್ತದೆ. ಒಳಗೆ ನೋಡಿದರೆ ಹಲವು ಡಿಎಸ್‌ಟಿಟಿ ಎಂಬ ಬೇರೆಯೇ ಕಾರ್ಡಿನ ತದ್ರೂಪು, ಇನ್ನು ಕೆಲವು ಮತ್ತೊಂದರದು. ಒಂದರ ಕರ್ನಲ್ ಇನ್ನೊಂದಕ್ಕೆ ಆಗುವುದಿಲ್ಲ. ಕರ್ನಲ್ ಅಂದರೆ ಮೈಕ್ರೊಎಸ್‌ಡಿಯಲ್ಲಿ ಹಾಕಿಡಬೇಕಾದ ಆ ಕಾರ್ಡಿನ ಮೆನು ಮತ್ತು ಸಾಫ್ಟ್‌ವೇರ್. ತಪ್ಪು ಕರ್ನಲ್ ಹಾಕಿದರೆ ಪರದೆಯ ಮೇಲೆ ‘ಲೋಡಿಂಗ್’ ಅಂತ ನಿಂತುಬಿಡುತ್ತದೆ.

ಇದಕ್ಕಿಂತ ಕೆಟ್ಟದ್ದು ಟೈಮ್‌ಬಾಂಬ್. ಕೆಲವು ತದ್ರೂಪುಗಳ ಕರ್ನಲ್‌ನಲ್ಲಿ ಒಂದು ತಾರೀಕು ಬರೆದಿಟ್ಟಿರುತ್ತಾರೆ. ಕನ್ಸೋಲ್‌ನ ಗಡಿಯಾರ ಆ ದಿನ ದಾಟಿದರೆ ಕಾರ್ಡ್ ಕೆಲಸ ನಿಲ್ಲಿಸುತ್ತದೆ. ಹೊಸದು ಕೊಳ್ಳಲಿ ಅಂತ. ಕಾರ್ಡ್ ಹಾಳಾಯಿತು ಎಂದು ಬಿಸಾಡಬೇಡಿ. ತಾರೀಕನ್ನು ಹಿಂದಕ್ಕೆ ಹಾಕಿ ನೋಡಿ, ಇಲ್ಲವೇ ಆ ಯಂತ್ರಾಂಶಕ್ಕೆ ಹೊಂದುವ ಬೇರೆ ಕರ್ನಲ್ ಹುಡುಕಿ. ಹಾಗಾಗಿ ‘ಯಾವ ಆರ್4 ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಕೇಳಬೇಕಾದದ್ದು ಎರಡು: ಇದು ಯಾವ ಕಾರ್ಡಿನ ತದ್ರೂಪು, ಇದಕ್ಕೆ ಟೈಮ್‌ಬಾಂಬ್ ಇಲ್ಲದ ಕರ್ನಲ್ ಇದೆಯೇ?

ಹೋಂಬ್ರೂ ಅಂದರೆ ಕನ್ಸೋಲ್ ಕಂಪನಿಯ ಪರವಾನಗಿ ಇಲ್ಲದೆ ಹವ್ಯಾಸಿಗಳು ತಾವೇ ಬರೆದ ಪ್ರೋಗ್ರಾಂ. ಡಿಎಸ್‌ನಲ್ಲಿ ಚಿತ್ರ ಬಿಡಿಸುವ ಕಲರ್ಸ್, ಸಂಗೀತ ಕಟ್ಟುವ ನೈಟ್ರೊಟ್ರ್ಯಾಕರ್, ಹಾಡು ಕೇಳುವ ಮೂನ್‌ಶೆಲ್, ಹಳೆಯ ಸಾಹಸ ಆಟಗಳಿಗೆ ಸ್ಕಮ್‌ವಿಎಮ್ ಇವೆಲ್ಲ ಹೋಂಬ್ರೂ. ಕಲರ್ಸ್ ಎಷ್ಟು ಚೆನ್ನಾಗಿತ್ತೆಂದರೆ ಮುಂದೆ, ಡಿಎಸ್ ನಂತರದ ಕನ್ಸೋಲ್ 3ಡಿಎಸ್‌ನಲ್ಲಿ ಅದು ನಿಂಟೆಂಡೊದ ಅಂಗಡಿಯಲ್ಲೇ ಮಾರಾಟಕ್ಕೆ ಬಂತು. ಇಂಥ ಕೆಲಸದ ಹೆಸರನ್ನು ಕಳ್ಳಪ್ರತಿಗೆ ಕೊಟ್ಟರೆ, ರಾತ್ರಿ ನಿದ್ದೆಗೆಟ್ಟು ಕೋಡ್ ಬರೆದು ಸುಮ್ನೆ ಹಂಚಿದವರಿಗೆ ಅನ್ಯಾಯ ಮಾಡಿದಂತೆ ಅಲ್ವಾ?

ಹೋಂಬ್ರೂಗಾಗಿ ಕಾರ್ಡ್ ಆರಿಸುವಾಗ ಮುಖ್ಯವಾದದ್ದು ಡಿಎಲ್‌ಡಿಐ. ಒಂದೊಂದು ಕಾರ್ಡಿಗೂ ಮೈಕ್ರೊಎಸ್‌ಡಿ ಓದುವ ದಾರಿ ಬೇರೆ. ಮೊದಲೆಲ್ಲ ಪ್ರೋಗ್ರಾಂ ಬರೆದವರೇ ಎಲ್ಲ ಕಾರ್ಡುಗಳ ಡ್ರೈವರ್ (ಕಾರ್ಡನ್ನು ಓದಲು ಬೇಕಾದ ಪುಟ್ಟ ಪ್ರೋಗ್ರಾಂ) ಸೇರಿಸಬೇಕಿತ್ತು. ಚಿಷ್ಮ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ ಇದಕ್ಕೊಂದು ಉಪಾಯ ಮಾಡಿದರು, ಅದೇ ಡಿಎಲ್‌ಡಿಐ: ಪ್ರೋಗ್ರಾಂನಲ್ಲಿ ಡ್ರೈವರ್‌ಗೆ ಜಾಗ ಬಿಟ್ಟಿರಿ, ಆಯಾ ಕಾರ್ಡಿನ ಡ್ರೈವರನ್ನು ಆಮೇಲೆ ಅಲ್ಲಿ ಕೂರಿಸೋಣ. ಒಳ್ಳೆಯ ಕಾರ್ಡ್‌ಗಳು ಪ್ರೋಗ್ರಾಂ ತೆರೆಯುವಾಗ ಇದನ್ನು ತಾವೇ ಮಾಡುತ್ತವೆ. ಆ ಸೌಲಭ್ಯ ಇಲ್ಲದಿದ್ದರೆ ಪ್ರತಿ ಫೈಲನ್ನೂ ನೀವೇ ಕಂಪ್ಯೂಟರಿನಲ್ಲಿ ಪ್ಯಾಚ್ ಮಾಡಬೇಕು, ಅಂದರೆ ಡ್ರೈವರ್ ಕೂರಿಸಬೇಕು. ಮಾರುವವರು ‘ಎಲ್ಲ ಆಟ ನಡೆಯುತ್ತೆ’ ಅಂತ ದೊಡ್ಡದಾಗಿ ಬರೆಯುತ್ತಾರೆ, ಇದರ ಬಗ್ಗೆ ಒಂದಕ್ಷರ ಇರುವುದಿಲ್ಲ.

ಇನ್ನೊಂದು ಮಾತು ರ್‍ಯಾಮ್ ಬಗ್ಗೆ. ಡಿಎಸ್‌ನ ಮುಖ್ಯ ಮೆಮೊರಿ 4 ಎಂಬಿ ಮಾತ್ರ. ಡಿಎಸ್‌ನಲ್ಲಿ ಲಿನಕ್ಸ್ ಓಡಿಸುವ ಡಿಎಸ್‌ಲಿನಕ್ಸ್‌ನಂಥ ಪ್ರೋಗ್ರಾಂಗೆ ಅದು ಸಾಲದು. ಆಗ ಸ್ಲಾಟ್-2ರಲ್ಲಿ ಹೆಚ್ಚುವರಿ ರ್‍ಯಾಮ್ ಬೇಕು. ಈಝಡ್‌-ಫ್ಲ್ಯಾಶ್ 3-ಇನ್-1 ಅಂಥದ್ದು. ನಿಂಟೆಂಡೊದ ಒಪೆರಾ ಬ್ರೌಸರ್ ಜೊತೆ ಬಂದ ಮೆಮೊರಿ ಪ್ಯಾಕ್ ಕೂಡ ಕೆಲವಕ್ಕೆ ಆಗುತ್ತದೆ. ಇವನ್ನೂ ‘ಫ್ಲ್ಯಾಶ್‌ಕಾರ್ಟ್’ ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ. ಒಪೆರಾ ಪ್ಯಾಕ್ ಬರೀ ರ್‍ಯಾಮ್, ಅದರಿಂದ ಏನೂ ಬೂಟ್ ಆಗುವುದಿಲ್ಲ.

ಕಾನೂನಿನ ಮಾತು ಬಂದರೆ, ‘ಹೋಂಬ್ರೂಗೂ ಬಳಸಬಹುದಲ್ಲ’ ಎಂಬ ವಾದ ಎಲ್ಲ ಕಡೆ ನಡೆದಿಲ್ಲ. 2009ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಆರ್4 ಮಾರಾಟ ನಿಲ್ಲಿಸಲು ಆದೇಶಿಸಿತು. 2010ರಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಸರಿಯಾದ ಬಳಕೆಯೂ ಇದೆ ಎಂಬುದಷ್ಟೇ ಮಾರುವವರನ್ನು ಕಾಪಾಡದು ಎಂದಿತು. 2014ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಸ್ವಲ್ಪ ಬೇರೆ ಧಾಟಿಯಲ್ಲಿ ಮಾತಾಡಿತು: ಇಂಥ ಸಾಧನವನ್ನು ಜನ ನಿಜವಾಗಿ ಯಾವುದಕ್ಕೆ ಬಳಸುತ್ತಿದ್ದಾರೆ ಎಂದು ಆಯಾ ದೇಶದ ನ್ಯಾಯಾಲಯ ನೋಡಬೇಕು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ನಕಲು ತಡೆಯುವ ತಾಂತ್ರಿಕ ಬೀಗ ಮುರಿದವರಿಗೆ 2 ವರ್ಷದವರೆಗೆ ಜೈಲು ಎನ್ನುತ್ತದೆ. ‘ಉದ್ದೇಶ’ ಎಂಬ ಪದವನ್ನು ಗಮನಿಸಿ. ಹೋಂಬ್ರೂ ಮತ್ತು ಕಳ್ಳಪ್ರತಿಯನ್ನು ಒಂದೇ ಹೆಸರಿನಿಂದ ಕರೆಯುವುದು ಬರೀ ಭಾಷೆಯ ತಪ್ಪಲ್ಲ ಅನ್ನುವುದು ಇದಕ್ಕೇ.

ಡಿಎಸ್‌ನ ಮುಂದಿನ ಮಾದರಿ ಡಿಎಸ್ಐ ಇದ್ದರೆ ಫ್ಲ್ಯಾಶ್‌ಕಾರ್ಟ್ ಕೊಳ್ಳಬೇಡಿ. ಅದರಲ್ಲೇ ಎಸ್‌ಡಿ ಸ್ಲಾಟ್ ಇದೆ. ಕ್ಯಾಮೆರಾ ಆ್ಯಪ್‌ನ ದೋಷವೊಂದನ್ನು ಬಳಸುವ ಮೆಮೊರಿ ಪಿಟ್ ಮೂಲಕ ಒಳಗೆ ಹೋಗಿ, ಟ್ವೈಲೈಟ್ ಮೆನು++ ಎಂಬ ಹೋಂಬ್ರೂ ಮೆನು ಹಾಕಿಕೊಂಡರೆ ಆಯಿತು. 3ಡಿಎಸ್‌ಗೂ ಹೋಂಬ್ರೂಗಾಗಿ ಕಾರ್ಡ್ ಬೇಡ. ಒಂದು ವಿಶೇಷ ಬಳಕೆ ಮಾತ್ರ ಇದೆ: 2017ರಲ್ಲಿ ಕಂಡುಕೊಂಡ ಎನ್‌ಟಿಆರ್‌ಬೂಟ್, ಅಂದರೆ ಕನ್ಸೋಲ್ ಆನ್ ಆಗುವಾಗಲೇ ಕಾರ್ಡಿನಿಂದ ಪ್ರೋಗ್ರಾಂ ಓಡಿಸುವ ದಾರಿ. ಕೆಲವು ಕಾರ್ಡ್‌ಗಳಿಗೆ ಅದನ್ನು ಬರೆದು, ಮುಚ್ಚಳದ ಸೆನ್ಸರ್ ಹತ್ತಿರ ಅಯಸ್ಕಾಂತ ಹಿಡಿದು ಆನ್ ಮಾಡಿದರೆ, ಕೆಟ್ಟು ಕೂತ 3ಡಿಎಸ್ ಅನ್ನೂ ಅನೇಕ ಸಲ ಎಬ್ಬಿಸಬಹುದು. ಎಲ್ಲ ಕಾರ್ಡ್‌ಗೂ ಇದು ಆಗದು. ಆಗುವ ಹೆಚ್ಚಿನವೂ ಅದನ್ನು ಬರೆದ ಮೇಲೆ ಮಾಮೂಲಿ ಕೆಲಸ ಮಾಡುವುದಿಲ್ಲ, ಮೊದಲಿನಂತೆ ಮಾಡಿಕೊಳ್ಳಬೇಕು.

ಸೋನಿಯ ಪಿಎಸ್‌ಪಿ ಕನ್ಸೋಲ್‌ಗೆ ‘ಆರ್4 ಥರದ್ದು’ ಕೇಳುವವರಿಗೆ: ಬೇಕಿಲ್ಲ, ಕಸ್ಟಮ್ ಫರ್ಮ್‌ವೇರ್ (ಹವ್ಯಾಸಿಗಳು ತಿದ್ದಿದ ಒಳಗಿನ ಸಾಫ್ಟ್‌ವೇರ್) ಹಾಕಿಕೊಂಡರೆ ಅದು ಮೆಮೊರಿ ಸ್ಟಿಕ್‌ನಿಂದಲೇ ಹೋಂಬ್ರೂ ಓಡಿಸುತ್ತದೆ. ಸೋನಿಯ ಮುಂದಿನ ಕನ್ಸೋಲ್ ವೀಟಾದ ಎಸ್‌ಡಿ2ವೀಟಾ ಕೂಡ ಫ್ಲ್ಯಾಶ್‌ಕಾರ್ಟ್ ಅಲ್ಲ. ಆಟದ ಸ್ಲಾಟ್‌ನಲ್ಲಿ ಕೂರುತ್ತದೆ ನಿಜ, ಆದರೆ ಮೈಕ್ರೊಎಸ್‌ಡಿ ಹಿಡಿಯುವ ಅಡಾಪ್ಟರ್ ಅಷ್ಟೇ. ಮೊದಲು ವೀಟಾಗೆ ಕಸ್ಟಮ್ ಫರ್ಮ್‌ವೇರ್ ಹಾಕಿ ಅದರ ಡ್ರೈವರ್ ಕೂರಿಸದಿದ್ದರೆ, ಅದನ್ನು ಸಿಕ್ಕಿಸಿದ್ದು ವೀಟಾಗೆ ಗೊತ್ತೇ ಆಗುವುದಿಲ್ಲ.