ಸ್ಟ್ರಾಲರ್ ಕೊಳ್ಳುವ ಮುನ್ನ ಬಗ್ಗಿ ಚಕ್ರ ನೋಡಿ

ಅಂಗಡಿಯಲ್ಲಿ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ತೋರಿಸುವ ಹುಡುಗರು ಮೇಲಿನಿಂದ ಶುರು ಮಾಡುತ್ತಾರೆ. ಬಣ್ಣ, ಮೆತ್ತೆ, ಸೊಳ್ಳೆಪರದೆ, ನೀರಿನ ಬಾಟಲಿ ಇಡುವ ಗೂಡು. ಮಕ್ಕಳ ಸಾಮಾನು ವಿನ್ಯಾಸ ಮಾಡುವುದೇ ನನ್ನ ಕಸುಬಾದ್ದರಿಂದ ನಾನು ಮೊದಲು ಬಗ್ಗಿ ಚಕ್ರ ನೋಡುತ್ತೇನೆ. ನಮ್ಮಲ್ಲಿ ಮಾರಾಟವಾಗುವ ಸಣ್ಣ ಚಕ್ರದ ಗಾಡಿಗಳು ಮಾಲು, ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಹೇಳಿ ಮಾಡಿಸಿದಂಥವು. ಅವನ್ನು ತಂದು ಚರಂಡಿ ಮೇಲಿನ ಚಪ್ಪಡಿಗಳ ಮೇಲೆ ಓಡಿಸುತ್ತೇವೆ.

ಒಂದು ಲೆಕ್ಕ ನೋಡಿ. ಎರಡು ಚಪ್ಪಡಿಗಳ ನಡುವೆ 2 ಸೆಂ.ಮೀ. ಏರುಪೇರು ಇದೆ ಅನ್ನೋಣ. 14 ಸೆಂ.ಮೀ. ವ್ಯಾಸದ ಚಕ್ರವನ್ನು ಆ ಅಂಚಿಗೆ ಹತ್ತಿಸಬೇಕಾದರೆ, ಅದರ ಮೇಲೆ ಎಷ್ಟು ಭಾರ ಕೂತಿದೆಯೋ ಹೆಚ್ಚುಕಡಿಮೆ ಅಷ್ಟೇ ಬಲ ಹಾಕಿ ತಳ್ಳಬೇಕು. 30 ಸೆಂ.ಮೀ. ಚಕ್ರವಾದರೆ ಭಾರದ ಅರ್ಧಕ್ಕಿಂತ ತುಸು ಹೆಚ್ಚು ಬಲ ಸಾಕು. ಅಂಚೇನಾದರೂ 7 ಸೆಂ.ಮೀ. ಇದ್ದರೆ, ಅಂದರೆ ಸಣ್ಣ ಚಕ್ರದ ಅಚ್ಚಿನ ಮಟ್ಟಕ್ಕೆ ಬಂದರೆ, ಭೀಮನೇ ಬಂದು ತಳ್ಳಿದರೂ ಅದು ಹತ್ತುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್ ರಸ್ತೆಯಿಂದ 15 ಸೆಂ.ಮೀ.ಗಿಂತ ಎತ್ತರ ಇರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವಾದ ಜಾಗ ಇರಬೇಕು. ಕಾಗದದಲ್ಲಿ ಚೆನ್ನಾಗಿದೆ. ಬೀದಿಗಿಳಿದರೆ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್, ಎಳನೀರಿನ ರಾಶಿ.

ಅಂಚು ಎದುರಾದಾಗ ಬಹಳ ಜನ ಇನ್ನೂ ಜೋರಾಗಿ ತಳ್ಳುತ್ತಾರೆ. ಮುಂದಿನ ಚಕ್ರ ತಡೆದು ನಿಲ್ಲುತ್ತದೆ, ಹಿಂದಿನದು ಎದ್ದುಬಿಡುತ್ತದೆ, ಬೆಲ್ಟ್ ಹಾಕಿರದ ಮಗು ಮುಗ್ಗರಿಸುತ್ತದೆ. ಹಿಡಿಯನ್ನು ಕೆಳಕ್ಕೆ ಒತ್ತಿ, ಮುಂದಿನ ಚಕ್ರ ಎತ್ತಿ ಅಂಚಿನ ಮೇಲಿಟ್ಟು, ಆಮೇಲೆ ಹಿಂದಿನದನ್ನು ಹತ್ತಿಸಿ. ಇಳಿಯುವಾಗ ಗಾಡಿ ತಿರುಗಿಸಿಕೊಂಡು ಹಿಂದಿನ ಚಕ್ರ ಮೊದಲು ಇಳಿಸಿ. ಸುತ್ತ ತಿರುಗುವ ಮುಂಚಕ್ರಕ್ಕೆ ಒಂದು ಚಿಕ್ಕ ಲಾಕ್ ಇರುತ್ತದೆ. ಮಣ್ಣುದಾರಿಯಲ್ಲಿ ಚಕ್ರ ಗಡಗಡ ಅದುರತೊಡಗಿದರೆ ಅದನ್ನು ಹಾಕಿ, ನೇರಕ್ಕೆ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಆ ಲಾಕ್ ಇದೆ ಎನ್ನುವುದೇ ಗೊತ್ತಿರುವುದಿಲ್ಲ.

ಗಾಳಿ ತುಂಬುವ ದೊಡ್ಡ ಚಕ್ರದ, ಮೂರು ಗಾಲಿಯ ಜಾಗಿಂಗ್ ಗಾಡಿ ನಮ್ಮ ರಸ್ತೆಗೆ ನಿಜಕ್ಕೂ ಒಗ್ಗುತ್ತದೆ. ಕೆಲವದಕ್ಕೆ ಮಕ್ಕಳ ಸೈಕಲ್ಲಿನ 12 ಇಂಚಿನ ಟ್ಯೂಬೇ ಹಿಡಿಯುವುದರಿಂದ ಪಂಕ್ಚರ್ ಅಂಗಡಿಯಲ್ಲೇ ಕೆಲಸ ಮುಗಿಯುತ್ತದೆ. ತೊಂದರೆ ಅಂದರೆ ಹತ್ತು ಕಿಲೋಗೂ ಮೀರಿದ ತೂಕ. ಲಿಫ್ಟ್ ಇಲ್ಲದ ಎರಡನೇ ಮಹಡಿಯವರಿಗೆ ನಾನು ಹೇಳುವುದಿಲ್ಲ.

ಇದಕ್ಕೆ ತೀರಾ ಎದುರಿನದು ಕೊಡೆಯಂತೆ ಮಡಚುವ ಗಾಡಿ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಗಾಲಿಕಾಲುಗಳ ಮೇಲೆ ಕೆಲಸ ಮಾಡಿದ್ದ ಇಂಗ್ಲೆಂಡಿನ ಎಂಜಿನಿಯರ್ ಓವೆನ್ ಮೆಕ್‌ಲಾರೆನ್, ನಿವೃತ್ತಿಯ ನಂತರ ಮಗಳು ತನ್ನ ಕೂಸಿನ ಭಾರದ ಗಾಡಿಯೊಂದಿಗೆ ಒದ್ದಾಡುವುದನ್ನು ಕಂಡು, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಇದನ್ನು ಮಾಡಿದರು. ವಿಮಾನದ ಕಾಲು ಮಡಚುವ ಜಾಣ್ಮೆ ಮಗುವಿನ ಗಾಡಿಗೆ ಬಂತು. ಹಗುರ, ಅಗ್ಗ, ಆಟೋದಲ್ಲಿ ಕಾಲ ಬಳಿ ಇಟ್ಟುಕೊಳ್ಳಬಹುದು.

ಆದರೆ ಮಡಚುವುದೆಂದರೆ ಕೀಲು, ಕೀಲೆಂದರೆ ಬೆರಳು. 2009ರಲ್ಲಿ ಅದೇ ಮೆಕ್‌ಲಾರೆನ್ ಹೆಸರಿನ ಸುಮಾರು 10 ಲಕ್ಷ ಗಾಡಿಗಳನ್ನು ಅಮೆರಿಕದಲ್ಲಿ ವಾಪಸು ಕರೆಯಬೇಕಾಯಿತು. ಬಿಡಿಸುವಾಗ ಪಕ್ಕದ ಕೀಲಿನಲ್ಲಿ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣ ವರದಿಯಾಗಿದ್ದವು. ಪರಿಹಾರವಾಗಿ ಕಂಪನಿ ಕೊಟ್ಟದ್ದು ಕೀಲಿನ ಮೇಲೆ ಹಾಕುವ ಒಂದು ಮುಚ್ಚಿಗೆ, ಅಷ್ಟೇ. ಹಾಗಾಗಿ ಅಂಗಡಿಯಲ್ಲಿ ಗಾಡಿಯನ್ನು ನೀವೇ ಮಡಚಿ, ಬಿಡಿಸಿ. ಎರಡು ಕೊಳವೆ ಕತ್ತರಿಯ ಹಾಗೆ ಸೇರುವ ಜಾಗ ತೆರೆದುಕೊಂಡಿದೆಯೇ ಎಂದು ನೋಡಿ. ಬಿಡಿಸಿದ ಮೇಲೆ ಲಾಕ್ ಬಿದ್ದ ‘ಟಕ್’ ಸದ್ದು ಕೇಳಬೇಕು, ಎರಡನೆಯ ಲಾಕೂ ಇರಬೇಕು. ಮನೆಯಲ್ಲಿ ಗಾಡಿ ಬಿಡಿಸುವಾಗ ಮಗು ಬೇರೆಯವರ ಕಂಕುಳಲ್ಲಿರಲಿ.

ಕತ್ತು ನಿಂತಿರದ ಕೂಸಿಗೆ ಕೊಡೆಗಾಡಿ ಬೇಡವೇ ಬೇಡ. ಒರಗಿ ಕೂತ ಭಂಗಿಯಲ್ಲಿ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಪೂರ್ತಿ ಸಪಾಟಾಗಿ ಮಲಗಿಸುವ ಗಾಡಿಯೇ ಬೇಕು, ಇಲ್ಲವೆಂದರೆ ಆರು ತಿಂಗಳು ಎತ್ತಿಕೊಂಡೇ ಓಡಾಡಿ, ಅಜ್ಜಿಯರೂ ಖುಷಿಪಡುತ್ತಾರೆ. ದೊಡ್ಡ ಮಗುವೂ ಗಾಡಿಯಲ್ಲೇ ನಿದ್ದೆ ಹೋದರೆ, ಮನೆ ಮುಟ್ಟಿದ ಕೂಡಲೇ ಹಾಸಿಗೆಗೆ ಹಾಕಿ.

ಸೀಟು ತಳ್ಳುವವರ ಕಡೆಗೂ ತಿರುಗುವಂತಿದ್ದರೆ ಒಳ್ಳೆಯದು. ಇದೇನು ಹೊಸದಲ್ಲ, ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ರಿಚರ್ಡ್‌ಸನ್ 1889ರಲ್ಲೇ ಪೇಟೆಂಟ್ ಪಡೆದಿದ್ದ. 2008ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜಾನ್ ಝೀಡಿಕ್ ಅವರ ಅಧ್ಯಯನದಲ್ಲಿ, ಮಗು ಎದುರಿಗಿದ್ದಾಗ ಅಪ್ಪ ಅಮ್ಮ ಎರಡು ಪಟ್ಟು ಮಾತಾಡುತ್ತಿದ್ದುದು ಕಂಡುಬಂತು. ಜೊತೆಗೆ ಸೀಟಿನ ಎತ್ತರವನ್ನೂ ಗಮನಿಸಿ. ಕೊಡೆಗಾಡಿಯ ಮಗುವಿನ ಮೂಗು ಆಟೋದ ಹೊಗೆಕೊಳವೆಗೆ ನಮಗಿಂತ ಬಹಳ ಹತ್ತಿರ. ಸಿಗ್ನಲ್‌ನಲ್ಲಿ ಗಾಡಿಯನ್ನು ಮುಂದೆ ಚಾಚದೆ ಎರಡು ಹೆಜ್ಜೆ ಹಿಂದೆ ನಿಲ್ಲಿ.

ದೃಷ್ಟಿ ತಾಗದಿರಲಿ, ಬಿಸಿಲು ಬೀಳದಿರಲಿ ಎಂದು ಗಾಡಿಯ ಮೇಲೆ ಟವೆಲ್ಲೋ ದುಪಟ್ಟಾವೋ ಇಳಿಬಿಡುವುದು ನಮ್ಮಲ್ಲಿ ರೂಢಿ. ಒಣಬಟ್ಟೆ ಮುಚ್ಚಿದರೆ ಒಳಗಿನ ಗಾಳಿ ನಿಂತು ಕಾವೇರುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಇದು ಅಪಾಯವೇ ಸರಿ. ಚಾವಣಿ ಎಳೆದು ಮುಂಭಾಗ ತೆರೆದಿಡಿ. ದೃಷ್ಟಿಗೆ ಕೆನ್ನೆಯ ಮೇಲೊಂದು ಕಪ್ಪು ಬೊಟ್ಟಿದೆಯಲ್ಲ.

ಹಿಡಿಗೆ ತರಕಾರಿ ಚೀಲ ನೇತುಹಾಕುವುದನ್ನು ದಿನಾ ನೋಡುತ್ತೇನೆ. ಮಗು ಕೂತಿರುವವರೆಗೆ ಗಾಡಿ ನಿಂತಿರುತ್ತದೆ. ಎತ್ತಿಕೊಂಡ ಗಳಿಗೆಗೆ ಟೊಮ್ಯಾಟೊ ಸಮೇತ ಹಿಂದಕ್ಕೆ ಬೀಳುತ್ತದೆ. ಟೊಮ್ಯಾಟೊ ಹೋದರೆ ಹೋಗಲಿ. ಬೆಲ್ಟ್ ಬಿಚ್ಚಿ ಇನ್ನೂ ಎತ್ತಿಕೊಂಡಿರದ ಮಗು ತಾನೇ ಮುಂದಕ್ಕೆ ಜಾರಿದರೂ ಇದೇ ಆಗುತ್ತದೆ. ಭಾರವೆಲ್ಲ ಸೀಟಿನ ಕೆಳಗಿನ ಬುಟ್ಟಿಗೆ.

ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಸಿಗುವ ಹಳೆಯ ಗಾಡಿ, ಅಮೆರಿಕದ ಅಕ್ಕ ಬಿಟ್ಟುಹೋದ ಗಾಡಿ, ಎರಡನ್ನೂ ಧಾರಾಳವಾಗಿ ಬಳಸಬಹುದು. ಬ್ರೇಕ್ ಒತ್ತಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ಹಿಡಿಯನ್ನು ಅತ್ತಿತ್ತ ಅಲುಗಿಸಿ. ಕೊಳವೆ ಸೇರುವಲ್ಲಿ ಲಟಲಟ ಅಂದರೆ ರಿವೆಟ್ ಸವೆದಿದೆ. ಹೆಗಲಿಗೆರಡು, ಸೊಂಟಕ್ಕೆರಡು, ಕಾಲಸಂದಿಗೊಂದು, ಐದೂ ಪಟ್ಟಿ ಇರಬೇಕು. ಕಾಲಸಂದಿಯದು ಇಲ್ಲದಿದ್ದರೆ ಮಗು ಕೆಳಗಿನಿಂದ ಜಾರಿ ಕುತ್ತಿಗೆಗೆ ಪಟ್ಟಿ ಸಿಗುತ್ತದೆ. ಬಕಲ್ ಮುರಿದಿದೆ, ದಾರದಲ್ಲಿ ಕಟ್ಟಿಕೊಳ್ಳುತ್ತೇವೆ ಸಾರ್ ಅನ್ನುವವರಿದ್ದಾರೆ. ಅಂಥ ಗಾಡಿಯನ್ನು ಸಂತೆಗೆ ಒಯ್ಯಲು ಇಟ್ಟುಕೊಳ್ಳಿ.