ಶಿಡ್ಲಘಟ್ಟದ ಸೆಖೆಯಲ್ಲಿ ಚಳಿಗಾಲಕ್ಕೆ ಕಾಯುವ ಮೊಟ್ಟೆ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರನ್ನು ಕೇಳಿ, ಬೈವೋಲ್ಟೀನ್, ಅಂದರೆ ಸಹಜವಾಗಿ ವರ್ಷಕ್ಕೆ ಎರಡೇ ತಲೆಮಾರು ಕಾಣುವ ತಳಿಯ, ಮೊಟ್ಟೆಯ ಹಠ ಹೇಳುತ್ತಾರೆ. ಮೈಸೂರು ತಳಿಯ ಮೊಟ್ಟೆ ಹತ್ತು ದಿನದ ಆಸುಪಾಸಿನಲ್ಲಿ ಒಡೆದು ಹುಳು ಹೊರಗೆ ಬರುತ್ತದೆ. ಬೈವೋಲ್ಟೀನ್ ಮೊಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಬಣ್ಣ ಕಪ್ಪಗಾಗಿ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಹಾಗೆ ಮಲಗದಿರಲಿ ಅಂತ, ಮೊಟ್ಟೆ ಇಟ್ಟ ಇಪ್ಪತ್ತು ಗಂಟೆಯ ಸುಮಾರಿಗೆ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವೇ ನಿಮಿಷ ಅದ್ದಿ ತೆಗೆಯುತ್ತಾರೆ. ಇಲ್ಲದಿದ್ದರೆ ತಂಪು ಕೋಣೆಯಲ್ಲಿಟ್ಟು ಸುಳ್ಳು ಚಳಿಗಾಲ ತೋರಿಸಬೇಕು.

ಮಲಗಬೇಕೋ ಬೇಡವೋ ಅನ್ನುವುದು ಮೊಟ್ಟೆಯ ತೀರ್ಮಾನ ಅಲ್ಲ, ತಾಯಿ ಚಿಟ್ಟೆಯದು. ಅದೂ ತಾಯಿ ತಾನೇ ಮೊಟ್ಟೆಯೊಳಗೆ ಇದ್ದಾಗ ಕಂಡ ಶಾಖ, ಬೆಳಕಿನ ಲೆಕ್ಕ. 25 ಡಿಗ್ರಿ ಶಾಖ, ಉದ್ದ ಹಗಲು ಕಂಡಿದ್ದರೆ ಅದು ಇಡುವುದು ಮಲಗುವ ಮೊಟ್ಟೆ. 15 ಡಿಗ್ರಿಯ ತಂಪು, ಕತ್ತಲು ಕಂಡಿದ್ದರೆ ಕೂಡಲೇ ಒಡೆಯುವ ಮೊಟ್ಟೆ. ಚೀನಾ, ಜಪಾನಿನ ಹವೆಗೆ ಇದು ಸರಿಯಾಗಿ ಹೊಂದುತ್ತದೆ. ಬೇಸಿಗೆ ಕಂಡ ತಾಯಿಯ ಮಕ್ಕಳಿಗೆ ಮುಂದೆ ಬರುವುದು ಚಳಿಗಾಲ, ಆಗ ಹಿಪ್ಪುನೇರಳೆಯಲ್ಲಿ ಎಲೆಯೇ ಇರುವುದಿಲ್ಲ. ತಾಯಿಯ ಮೈಯಲ್ಲಿ ಈ ಕೆಲಸ ಮಾಡುವುದು ಒಂದು ಹಾರ್ಮೋನು ಎಂದು 1950ರ ದಶಕದ ಆರಂಭದಲ್ಲಿ ಜಪಾನಿನ ಹಾಸೆಗಾವಾ ಮತ್ತು ಫುಕುಡಾ ಬೇರೆ ಬೇರೆಯಾಗಿ ತೋರಿಸಿದರು.

ನಾಳೆಯದನ್ನು ಇವತ್ತೇ ಕಂಡ ಹಾಗೆ ನಡೆದುಕೊಳ್ಳುವ ಇದನ್ನು ಬುದ್ಧಿ ಅನ್ನೋಣವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಬುದ್ಧಿಯೇ ಆಗಿದ್ದರೆ ಶಿಡ್ಲಘಟ್ಟದಲ್ಲಿ ಅಂಥ ಚಳಿಗಾಲ ಬರಲ್ಲ, ಎಲೆ ವರ್ಷವಿಡೀ ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕಿತ್ತು. ಮೊಟ್ಟೆ ಕಾಯುತ್ತಿರುವುದು ಅದರ ಹಿರಿಯರು ಕಂಡ ಚಳಿಗಾಲಕ್ಕೆ.

ಪ್ರಕೃತಿಯ ಇಂಥ ಹೊಂದಿಕೆಯ ಹಿಂದೆ ಬುದ್ಧಿ ಇದೆಯೇ ಎಂಬ ವಾದಕ್ಕೆ ಇನ್ನೂರು ವರ್ಷ ದಾಟಿದೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ, ದಾರಿಯಲ್ಲಿ ಗಡಿಯಾರ ಸಿಕ್ಕಿದರೆ ಅದನ್ನು ಮಾಡಿದವನೊಬ್ಬ ಇರಲೇಬೇಕಲ್ಲ, ಕಣ್ಣಿನಂಥ ಅಂಗಕ್ಕೂ ಹಾಗೆಯೇ ಎಂದ. ಅವನ ಪ್ರಕಾರ ಬುದ್ಧಿ ಇದ್ದದ್ದು ಪ್ರಕೃತಿಯ ಹೊರಗೆ. 1809ರಲ್ಲಿ ಫ್ರಾನ್ಸಿನ ಲಾಮಾರ್ಕ್, ಪ್ರಾಣಿ ತನ್ನ ಅಗತ್ಯಕ್ಕೆ ತಕ್ಕಂತೆ ಅಂಗಗಳನ್ನು ಬಳಸುತ್ತದೆ, ಬಳಸಿ ಬಂದ ಬದಲಾವಣೆ ಮಕ್ಕಳಿಗೂ ಹೋಗುತ್ತದೆ ಎಂದ. ಡಾರ್ವಿನ್ ಮತ್ತು ವಾಲೇಸ್ 1858ರಲ್ಲಿ ಎರಡನ್ನೂ ಬಿಟ್ಟು ಬೇರೆ ದಾರಿ ತೋರಿಸಿದರು. ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಹುಟ್ಟುತ್ತಲೇ ಇರುತ್ತದೆ, ಹೊಂದಿದ್ದು ಉಳಿಯುತ್ತದೆ, ಉಳಿದದ್ದು ಹೆಚ್ಚುತ್ತದೆ. ಮುಂದಾಲೋಚನೆಗೆ ಇಲ್ಲಿ ಜಾಗವೇ ಇಲ್ಲ.

ಡಾರ್ವಿನ್‌ಗೆ ಈ ವಿಷಯದಲ್ಲಿ ನೆಮ್ಮದಿ ಇತ್ತು ಅಂತಲ್ಲ. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಕಂಬಳಿಹುಳುವನ್ನು ಒಳಗಿನಿಂದ ತಿಂದು ಬೆಳೆಯುವ ಕಣಜವನ್ನು ದಯಾಳು ದೇವರು ಬೇಕೆಂದೇ ಸೃಷ್ಟಿಸಿದ ಅಂತ ತನಗೆ ಒಪ್ಪಲಾಗುತ್ತಿಲ್ಲ ಎಂದಿದ್ದ. ನಮ್ಮ ರೈತರಿಗೆ ಆ ಪತ್ರ ಓದಿಸುವ ಅಗತ್ಯವಿಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವಿನೊಳಗೆ ಕೊರೆದು ಹೋಗುತ್ತದೆ, ಹೋದ ಕಡೆ ಕಪ್ಪು ಚುಕ್ಕೆ ಬೀಳುತ್ತದೆ. ತಿಂದು ಬೆಳೆದು ಗೂಡನ್ನೂ ತೂತು ಮಾಡಿಕೊಂಡು ಹೊರಗೆ ಬಂದರೆ ಆ ಗೂಡನ್ನು ನೂಲು ತೆಗೆಯುವ ರೀಲರ್ ಮುಟ್ಟುವುದಿಲ್ಲ. ಹುಳು ಮನೆಯ ಕಿಟಕಿಗೆಲ್ಲ ನೈಲಾನ್ ಪರದೆ ಕಟ್ಟಿದವರು ಪ್ರಕೃತಿಯ ಜಾಣತನವನ್ನು ಹೊಗಳುವುದು ಸ್ವಲ್ಪ ಕಷ್ಟ, ಅಲ್ವಾ?

ರೇಷ್ಮೆ ಹುಳುವಿನ ಬಗ್ಗೆಯೂ ಡಾರ್ವಿನ್ 1868ರಲ್ಲಿ ಬರೆದಿದ್ದಾನೆ. ಸಾಕಿದ ಹುಳುವನ್ನು ಗಿಡದ ಮೇಲೆ ಬಿಟ್ಟರೆ, ತಾನು ಕೂತ ಎಲೆಯ ಬುಡವನ್ನೇ ತಿಂದು ಕೆಳಗೆ ಬೀಳುವುದುಂಟಂತೆ! ಮನುಷ್ಯ ಸಾವಿರಾರು ವರ್ಷ ಗೂಡಿಗಾಗಿ ಮಾತ್ರ ಆರಿಸುತ್ತಾ ಬಂದ. ಚಿಟ್ಟೆಯ ರೆಕ್ಕೆ ಹಾರುವುದನ್ನೇ ಮರೆಯಿತು.

ಅನುವಂಶೀಯತೆಯೇ ಒಂದು ಥರದ ನೆನಪು ಎಂದು 1870ರ ದಶಕದ ಕೊನೆಯಲ್ಲಿ ವಾದಿಸಿದವನು ಇಂಗ್ಲೆಂಡಿನ ಲೇಖಕ ಸ್ಯಾಮ್ಯುಯಲ್ ಬಟ್ಲರ್. ಮೊಟ್ಟೆಯ ಕಥೆ ನೋಡಿದರೆ ಮಾತು ಚೆನ್ನಾಗಿದೆ. ಆದರೆ ಈ ನೆನಪು ಸೇರುವುದು ಹೇಗೆ? ಜೀವನದಲ್ಲಿ ಕಲಿತದ್ದು, ಗಳಿಸಿದ್ದು ನೇರವಾಗಿ ಮಕ್ಕಳಿಗೆ ಹೋಗುತ್ತದೆಯೇ? ಜರ್ಮನಿಯ ವೈಸ್‌ಮನ್ ತಲೆಮಾರುಗಟ್ಟಲೆ ಇಲಿಗಳ ಬಾಲ ಕತ್ತರಿಸಿ ನೋಡಿದ, ಮರಿಗಳು ಬಾಲದ ಸಮೇತವೇ ಹುಟ್ಟಿದವು. ನಾವೂ ಅಷ್ಟು ಕಾಲದಿಂದ ಕಿವಿ ಚುಚ್ಚುತ್ತಿದ್ದೇವೆ, ಚುಚ್ಚಿದ ಕಿವಿಯ ಮಗು ಹುಟ್ಟಿಲ್ಲ.

ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ರೇಷ್ಮೆ ಹುಳುವಿಗೂ ಹೊಂದುತ್ತದೆ ಎಂದು 1906ರಲ್ಲಿ ಜಪಾನಿನ ವಿಜ್ಞಾನಿ ತೋಯಾಮಾ ಕಾಮೆತಾರೊ ತೋರಿಸಿದ. ಮಿಶ್ರತಳಿಯ ದಾರಿ ತೆರೆದದ್ದು ಅಲ್ಲಿಂದ. ನಮ್ಮ ಮಿಶ್ರತಳಿಯಲ್ಲಿ ಹೆಣ್ಣು ಮೈಸೂರು ತಳಿಯದು, ಗಂಡು ಬೈವೋಲ್ಟೀನ್. ಮೊಟ್ಟೆಯ ವಿಷಯದಲ್ಲಿ ತಾಯಿಯ ಮಾತೇ ನಡೆಯುವುದರಿಂದ ಅದು ಮಲಗುವುದಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಕಡೆಯವರು, ಮಾಗಡಿಯವರು ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವುದು ಈ ಕೆಲಸಕ್ಕೇ.

ಬದಲಾವಣೆ ಅಗತ್ಯ ಕಂಡು ಬರುತ್ತದೆಯೋ, ಸುಮ್ನೆ ಬರುತ್ತದೆಯೋ ಎಂಬ ವಾದಕ್ಕೆ ಗಟ್ಟಿ ಪ್ರಯೋಗ ಸಿಕ್ಕಿದ್ದು 1943ರಲ್ಲಿ. ವೈರಸ್ ದಾಳಿ ಮಾಡಿದಾಗ ಕೆಲವು ಬ್ಯಾಕ್ಟೀರಿಯಾ ಬದುಕುಳಿಯುತ್ತವೆ. ದಾಳಿ ಕಂಡ ಮೇಲೆ ಅವು ಬದಲಾದವೋ, ಮೊದಲೇ ಬದಲಾಗಿದ್ದವೋ? ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರುಕ್ ಅನೇಕ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೇರೆ ಬೇರೆಯಾಗಿ ಬೆಳೆಸಿ ಆಮೇಲೆ ವೈರಸ್ ಬಿಟ್ಟರು. ದಾಳಿಗೆ ಉತ್ತರವಾಗಿ ಬದಲಾಗುವುದಾದರೆ ಎಲ್ಲ ನಳಿಕೆಯಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಉಳಿಯಬೇಕು. ಹಾಗಾಗಲಿಲ್ಲ. ಕೆಲವು ನಳಿಕೆಯಲ್ಲಿ ರಾಶಿ ಉಳಿದವು, ಕೆಲವದರಲ್ಲಿ ಒಂದೂ ಇಲ್ಲ. ಅಂದರೆ ಬದಲಾವಣೆ ದಾಳಿಗೆ ಮೊದಲೇ, ಸುಮ್ನೆ ಆಗಿತ್ತು. ಬೇಗ ಆದ ಕಡೆ ಅದರ ಸಂತಾನ ಜಾಸ್ತಿ ಇತ್ತು, ಅಷ್ಟೇ. 1988ರಲ್ಲಿ ಜಾನ್ ಕೇರ್ನ್ಸ್ ಇದನ್ನು ಮತ್ತೆ ಕೆದಕಿದರು. ಒತ್ತಡದಲ್ಲಿ ಬದಲಾವಣೆಯ ವೇಗ ಹೆಚ್ಚಬಹುದು ಎಂಬುದು ನಿಂತಿತು, ಬೇಕಾದದ್ದನ್ನೇ ಆರಿಸಿ ಬದಲಾಗುತ್ತದೆ ಎಂಬುದು ನಿಲ್ಲಲಿಲ್ಲ.

ಅಮೆರಿಕದಲ್ಲಿ ಪೇಲಿಯ ವಾದ ‘ಇಂಟೆಲಿಜೆಂಟ್ ಡಿಸೈನ್’ ಎಂಬ ಹೊಸ ಹೆಸರಿನಲ್ಲಿ ಶಾಲೆಗೆ ನುಗ್ಗಲು ನೋಡಿತು. 2005ರಲ್ಲಿ ಡೋವರ್ ಊರಿನ ಶಾಲೆಗಳ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಅದು ವಿಜ್ಞಾನವಲ್ಲ ಎಂದು ತೀರ್ಪು ಕೊಟ್ಟರು. ಅದಕ್ಕಿಂತ ನನಗೆ ಹಿಡಿಸುವುದು 2016ರಲ್ಲಿ ವಿಜ್ಞಾನಿಗಳಾದ ರಿಚರ್ಡ್ ವಾಟ್ಸನ್ ಮತ್ತು ಸಾತ್ಮಾರಿ ಎತ್ತಿದ ಪ್ರಶ್ನೆ: ವಿಕಾಸವೇ ಕಲಿಯಬಲ್ಲುದೇ? ಕಂಪ್ಯೂಟರಿನ ಕಲಿಕೆಗೂ ಆಯ್ಕೆಯ ಲೆಕ್ಕಕ್ಕೂ ಹೋಲಿಕೆ ಇದೆ ಎಂಬುದು ಅವರ ವಾದ. ಹಿಂದೆ ಕಂಡ ಪರಿಸರಗಳು ಜೀವಿಯ ಬೆಳವಣಿಗೆಯ ಕ್ರಮದಲ್ಲೇ ಅಚ್ಚಾಗಿದ್ದರೆ, ಹಳೆಯ ಜಾಡಿನ ಹೊಸ ಪರಿಸ್ಥಿತಿಗೆ ಅದು ಬೇಗ ಹೊಂದಬಹುದು. ಕಲಿಕೆ ಅನ್ನಲು ನನ್ನ ತಕರಾರಿಲ್ಲ. ಆದರೆ ಆ ಕಲಿಕೆಯ ಪಾಠವೆಲ್ಲ ಸತ್ತವರ ಲೆಕ್ಕದಿಂದ ಬಂದದ್ದು, ಹೊಸ ಊರಿನ ಹವೆ ಅದರಲ್ಲಿ ಇರುವುದಿಲ್ಲ.

ನಮ್ಮಲ್ಲಿ 2018ರಲ್ಲಿ ಕೇಂದ್ರ ಸಚಿವರೊಬ್ಬರು ಡಾರ್ವಿನ್ ಹೇಳಿದ್ದು ತಪ್ಪು ಎಂದರು, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆ ಎಂಬುದು ಬಂದ ಉತ್ತರ. ಹಾಗಾದರೆ ಹತ್ತನೆಯ ಆ ಪುಸ್ತಕ ಓದಿ ಮುಂದೆ ಕಾಮರ್ಸ್ ತಗೊಂಡ ಹುಡುಗಿಗೆ, ಮನೆಯಲ್ಲಿ ವರ್ಷಕ್ಕೆ ಎಷ್ಟು ಬೆಳೆ ಹುಳು ಎಬ್ಬಿಸಿದರೂ, ಮೊಟ್ಟೆ ಯಾಕೆ ಮಲಗುತ್ತದೆ ಎಂಬುದನ್ನು ತರಗತಿಯಲ್ಲಿ ಕೇಳುವ ಅವಕಾಶವೇ ಸಿಗುವುದಿಲ್ಲ.