ಆಹಾರದ ಸುದ್ದಿ ಓದುವಾಗ: ಯಾವುದಕ್ಕೆ ಹೋಲಿಸಿ, ಎಷ್ಟು ತಿಂದರೆ?

2015ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಅಷ್ಟು ಸಾಕಾಯಿತು, ಎರಡರ ಅಪಾಯವೂ ಒಂದೇ ಎಂಬಂಥ ತಲೆಬರಹಗಳು ಎಲ್ಲೆಡೆ ಹಬ್ಬಿದವು. ಆದರೆ ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಅಪಾಯದ ಅಂಕಿ ಅದೇ ವರದಿಯಲ್ಲಿ ಬೇರೆಯಾಗಿಯೇ ಇತ್ತು: ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಸಾಧ್ಯತೆ ಸುಮಾರು ಶೇ 18ರಷ್ಟು ಏರುತ್ತದೆ. ಶೇ 18 ಎಂದ ಕೂಡಲೇ ನೂರಕ್ಕೆ ಹದಿನೆಂಟು ಮಂದಿಗೆ ಕಾಯಿಲೆ ಬರುತ್ತದೆ ಎಂದು ಓದಿಕೊಳ್ಳುವವರೇ ಹೆಚ್ಚು. ಲೆಕ್ಕ ಹಾಗಲ್ಲ. ನೂರು ಮಂದಿಯಲ್ಲಿ ಜೀವಮಾನದಲ್ಲಿ ಐವರಿಗೆ ಈ ಕಾಯಿಲೆ ಬರುವ ಸಮುದಾಯ ಒಂದಿದೆ ಎಂದುಕೊಳ್ಳಿ. ಏರುವುದು ಆ ಐದರ ಮೇಲಿನ ಶೇ 18. ಅಂದರೆ 5 ಇದ್ದದ್ದು 5.9 ಆಗುತ್ತದೆ, ನೂರು ಮಂದಿಯೂ ದಿನಾ ಅಷ್ಟು ಮಾಂಸ ತಿಂದರೆ ಹೆಚ್ಚುವರಿಯಾಗಿ ಒಬ್ಬರಿಗೆ. ಇದನ್ನು ಕಡೆಗಣಿಸಬೇಕೆಂದಲ್ಲ. ದಿನಾ ತಿನ್ನುವವರು ಕಡಿಮೆ ಮಾಡಿದರೆ ಒಳ್ಳೆಯದೇ. ಆದರೆ ಎಂದೋ ಒಂದು ದಿನ ತಿಂದವರು ರಾತ್ರಿಯಿಡೀ ನಿದ್ದೆಗೆಡುವ ಕಾರಣವಿಲ್ಲ. ‘ಇಷ್ಟು ಶೇಕಡಾ ಹೆಚ್ಚು’ ಎಂಬ ಸುದ್ದಿ ಕಂಡಾಗಲೆಲ್ಲ, ಮೊದಲು ಎಷ್ಟಿತ್ತು ಎಂದು ಹುಡುಕಿ. ಅದು ಸುದ್ದಿಯಲ್ಲಿ ಇಲ್ಲದಿದ್ದರೆ ಆ ಅಂಕಿಯಿಂದ ನಿಮಗೆ ಯಾವ ನಿರ್ಧಾರಕ್ಕೂ ಬರಲಾಗದು.

ಪ್ರಮಾಣದ ಪ್ರಶ್ನೆಯೂ ಇಷ್ಟೇ ಮುಖ್ಯ. 2023ರ ಜುಲೈನಲ್ಲಿ ಕೃತಕ ಸಿಹಿಕಾರಕ ಆಸ್ಪರ್ಟೇಮ್ ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಗುಂಪಿಗೆ ಸೇರಿದಾಗ ಭಾರೀ ಗದ್ದಲವಾಯಿತು. ಅದೇ ದಿನ ಇನ್ನೊಂದು ಪರಿಣತರ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 70 ಕಿಲೋ ತೂಕದವರಿಗೆ ಅದು 2,800 ಮಿಲಿಗ್ರಾಂ. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, ಮಿತಿ ದಾಟಲು ಒಂದೇ ದಿನ 9ರಿಂದ 14 ಕ್ಯಾನ್ ಕುಡಿಯಬೇಕು.

ಇನ್ನು ಅಧ್ಯಯನವೇ ಪೊಳ್ಳಾಗಿದ್ದರೆ? 2015ರಲ್ಲಿ ‘ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ’ ಎಂಬ ಸುದ್ದಿ ಹಲವು ದೇಶಗಳಲ್ಲಿ ಪ್ರಕಟವಾಯಿತು. ಸುದ್ದಿಯಾಗುವುದು ಎಷ್ಟು ಸುಲಭ ಎಂದು ತೋರಿಸಲು ವಿಜ್ಞಾನ ಪತ್ರಕರ್ತ ಜಾನ್ ಬೊಹಾನನ್ ಮತ್ತು ಸಂಗಡಿಗರು ಬೇಕೆಂದೇ ಮಾಡಿದ ಪ್ರಯೋಗ ಅದು. ಜನರು ನಿಜ, ಅಳತೆಗಳೂ ನಿಜ. ಕೊನೆಯವರೆಗೆ ಉಳಿದವರು 15 ಮಂದಿ. ಅವರಲ್ಲೂ ಮೂರು ಗುಂಪು. ಅಳೆದದ್ದು ಮಾತ್ರ ತೂಕ, ಕೊಲೆಸ್ಟೆರಾಲ್, ನಿದ್ದೆ ಎಂದು 18 ಸಂಗತಿಗಳನ್ನು. ಮರ್ಮ ಇರುವುದು ಇಲ್ಲೇ. ಏನೂ ಪರಿಣಾಮವಿಲ್ಲದಿದ್ದರೂ ಕೇವಲ ಆಕಸ್ಮಿಕವಾಗಿ ವ್ಯತ್ಯಾಸ ಕಾಣಿಸುವ ಸಾಧ್ಯತೆ ಪ್ರತಿ ಅಳತೆಗೂ ಶೇ 5ರಷ್ಟು ಇರುವುದನ್ನು ಸಂಶೋಧಕರು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಒಂದೇ ಅಳತೆಯಾದರೆ ಅದು ಸಣ್ಣದು. ಒಂದಕ್ಕೊಂದು ಸಂಬಂಧವಿಲ್ಲದ 18 ಅಳತೆಗಳಿದ್ದರೆ, ಅವುಗಳಲ್ಲಿ ಒಂದಾದರೂ ಹಾಗೆ ‘ಫಲ’ ಕೊಡುವ ಸಾಧ್ಯತೆ ಶೇ 60. ಫಲ ಕೊಟ್ಟದ್ದನ್ನು ಎತ್ತಿ ತಲೆಬರಹ ಮಾಡಿ, ಉಳಿದವನ್ನು ಬಿಟ್ಟರಾಯಿತು. ಐದೈದು ಜನರ ಗುಂಪಿನಲ್ಲಿ ಇಬ್ಬರ ದೇಹದ ನೀರಿನಂಶ ಏರುಪೇರಾದರೂ ಸಾಕು, ಸರಾಸರಿ ತೂಕ ಆಚೀಚೆ ಆಗುತ್ತದೆ. ಆದ್ದರಿಂದ ಸುದ್ದಿಯಲ್ಲಿ ಎರಡು ಸಂಗತಿ ನೋಡಿ: ಒಂದೊಂದು ಗುಂಪಿನಲ್ಲಿ ಎಷ್ಟು ಜನರಿದ್ದರು, ಏನನ್ನು ಅಳೆಯುತ್ತೇವೆಂದು ಸಂಶೋಧಕರು ಮೊದಲೇ ಬರೆದಿಟ್ಟಿದ್ದರೇ.

ಜನ ಹೆಚ್ಚಿದ್ದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದೂ ಅಲ್ಲ. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ, ಅವುಗಳಲ್ಲಿರುವ ಬೀಟಾ ಕ್ಯಾರೊಟೀನ್ ಎಂಬ ಸಂಯುಕ್ತ ರಕ್ತದಲ್ಲಿ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಸಮೀಕ್ಷೆಗಳು ತೋರಿಸಿದ್ದವು. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಟ್ಟರೆ? ಫಿನ್ಲೆಂಡ್‌ನಲ್ಲಿ ಧೂಮಪಾನಿಗಳಾದ 29,133 ಗಂಡಸರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ತರಕಾರಿ ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಕಡಿಮೆ ಸೇದುತ್ತಾರೆ, ಹೆಚ್ಚು ನಡೆಯುತ್ತಾರೆ. ತರಕಾರಿಯಲ್ಲಿ ಬೀಟಾ ಕ್ಯಾರೊಟೀನ್ ಜೊತೆಗೆ ಇನ್ನೂ ನೂರಾರು ಸಂಯುಕ್ತಗಳಿವೆ. ಸಮೀಕ್ಷೆಯಲ್ಲಿ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ‘ಸಂಬಂಧ ಕಂಡುಬಂದಿದೆ’ ಎಂಬ ಒಕ್ಕಣೆ ಇದ್ದರೆ ಅದು ಸಮೀಕ್ಷೆ ಎಂದು ತಿಳಿಯಿರಿ. ತಿಂಗಳಿಗೆ ಎಷ್ಟು ಸಲ ಕಾಳು ತಿಂದಿರಿ ಎಂದು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಇಂಥ ಬಹುಪಾಲು ಅಧ್ಯಯನಗಳು ನಿಂತಿರುವುದು ಅಂಥ ಉತ್ತರಗಳ ಮೇಲೆ.

‘ಬೆಣ್ಣೆ ಒಳ್ಳೆಯದೋ ಕೆಟ್ಟದ್ದೋ’ ಎಂಬ ಮುಗಿಯದ ಜಗಳಕ್ಕೂ ಹೋಲಿಕೆಯೇ ಮೂಲ. ಬೆಣ್ಣೆ ಬಿಟ್ಟು ಸೂರ್ಯಕಾಂತಿ, ಸೋಯಾದಂಥ ಎಣ್ಣೆ ಬಳಸಿದರೆ ಕೆಟ್ಟ ಕೊಲೆಸ್ಟೆರಾಲ್ ಇಳಿಯುತ್ತದೆ. ಬೆಣ್ಣೆ ಬಿಟ್ಟು ಮೈದಾ, ಸಕ್ಕರೆ ಹೆಚ್ಚಿಸಿಕೊಂಡರೆ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ಎರಡು ಅಧ್ಯಯನಗಳು ವಿರುದ್ಧ ಉತ್ತರ ಕೊಟ್ಟಂತೆ ಕಂಡರೆ, ತಟ್ಟೆಯಿಂದ ಹೋದದ್ದರ ಜಾಗಕ್ಕೆ ಏನು ಬಂತು ಎಂದು ನೋಡಿ. ಎಷ್ಟೋ ಸಲ ವಿರೋಧ ಅಲ್ಲೇ ಕರಗುತ್ತದೆ.

ಈ ಗದ್ದಲದ ನಡುವೆಯೂ ಅಲುಗಾಡದೆ ನಿಂತ ಸಲಹೆಗಳಿವೆ. ಉಪ್ಪು ಅವುಗಳಲ್ಲೊಂದು: ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೊಟ್ಟಣದ ಮೇಲೆ ಉಪ್ಪಿನ ಬದಲು ಸೋಡಿಯಂ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. 150 ಗ್ರಾಂ ಪೊಟ್ಟಣ ಖಾಲಿ ಮಾಡಿದರೆ 3 ಗ್ರಾಂ, ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಮೋಸಹೋಗುವುದು ‘ಒಂದು ಸರ್ವಿಂಗ್’ ಎಂಬ ಸಾಲಿನಿಂದ. ಅದು 30 ಗ್ರಾಂ ಆಗಿದ್ದರೆ ಕಣ್ಣಿಗೆ ಬೀಳುವ ಅಂಕಿ 240 ಮಿಲಿಗ್ರಾಂ ಮಾತ್ರ.

ಮೇಲಿನ ಪ್ರಶ್ನೆಗಳಿಗೆಲ್ಲ ನೇರ ಉತ್ತರ ಕೊಡುವ ಸುದ್ದಿಯೂ ಆಗಾಗ ಬರುತ್ತದೆ. ಚೀನಾದ 600 ಹಳ್ಳಿಗಳ 20,995 ಮಂದಿಯ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗ ಅಂಥದ್ದು. ಅರ್ಧದಷ್ಟು ಹಳ್ಳಿಗಳಿಗೆ ಮಾಮೂಲಿ ಉಪ್ಪಿನ ಬದಲು, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪು ಸಿಕ್ಕಿತು. ಪಾರ್ಶ್ವವಾಯು ಸಾವಿರ ಮಂದಿಗೆ ವರ್ಷಕ್ಕೆ ಸುಮಾರು 34 ಇದ್ದದ್ದು ಆ ಹಳ್ಳಿಗಳಲ್ಲಿ 29 ಆಯಿತು. ಆದರೆ ಅಲ್ಲಿದ್ದವರು ಹಿಂದೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ ರಕ್ತದೊತ್ತಡವಿದ್ದ 60 ದಾಟಿದವರು. ಆರೋಗ್ಯವಂತ ಯುವಕರಿಗೆ ಅಷ್ಟೇ ಲಾಭ ಎಂದು ಇದರಿಂದ ಹೇಳಲಾಗದು. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಲ್ಲದು. ಅಂಥವರು, ಮತ್ತು ಪೊಟ್ಯಾಸಿಯಂ ಏರಿಸುವ ಕೆಲವು ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಈ ಉಪ್ಪಿಗೆ ಬದಲಾಯಿಸಬಾರದು.